ಗಿಳಿಹಸಿರು ಗೋಡೆಯ ಮುಂದೆ ಮೊದಲ ಶಾಟ್

ಸಿನಿಮಾ ಹೇಗೆ ಶುರುವಾಗಬೇಕು ಎಂಬ ಮಾತಿಗೆ ಕವನಳೂ ಅಮೃತೇಶನೂ ನಂಜನಗೂಡಿನಲ್ಲೇ ಒಮ್ಮೆ ಮುಖ ಕೆಡಿಸಿಕೊಂಡಿದ್ದರು. ಇಬ್ಬರೂ ಮೈಸೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದರು. ೨೦೦೬ರ ಆ ಬೇಸಿಗೆಯಲ್ಲಿ ಪರೀಕ್ಷೆಗೆಂದು ಕಿರುಚಿತ್ರವೊಂದನ್ನು ಮಾಡಿ ಒಪ್ಪಿಸಬೇಕಿತ್ತು. ಕಥೆ ಕವನಳದು, ಅಂಗನವಾಡಿ ನಡೆಸುವ ಅವಳ ಅವ್ವ ಮರಿತಾಯಮ್ಮನ ಒಂದು ದಿನ. ಚಿತ್ರೀಕರಿಸುವವಳೂ ಅವಳೇ. ನಿರ್ದೇಶನ ಅಮೃತೇಶನದು, ಕ್ಯಾಮೆರಾ ಅವನ ಚಿಕ್ಕಪ್ಪನದು.

ನಂಜನಗೂಡಿನ ತನ್ನ ಮನೆಯ ಮಹಡಿಯಲ್ಲಿ ಕೂತು ಅವನು ಬರೆದಿಟ್ಟಿದ್ದ ದೃಶ್ಯಗಳೆಲ್ಲ ಕಂದು ಬಣ್ಣದವು. ಕತ್ತಲು ಕವಿದ ಗುಡಿಸಲು, ಹೊಗೆ, ತಗ್ಗು ಬಾಗಿಲಲ್ಲಿ ಬಾಗಿ ಹೊರಬರುವ ಹೆಂಗಸು. ನಮ್ಮ ಮನೆ ಹೀಗಿಲ್ಲ, ತಾರಸಿ ಹಾಕಿಸಿ ಗಿಳಿಹಸಿರು ಬಣ್ಣ ಬಳಿಸಿದ್ದೇವೆ ಎಂದಳು ಕವನ. ಜಾಗ ನೋಡಿ ತೀರ್ಮಾನಿಸೋಣ ಎಂದು ಅವನು ಮಾತು ಮುಗಿಸಿದ.

ಬನ್ನೂರಿನಲ್ಲಿ ಬಸ್ಸಿಳಿದು ಗದ್ದೆ ಬಯಲಿನ ದಾರಿ ಹಿಡಿದು ಅವರು ಕವನಳ ಊರು ಸೇರುವಷ್ಟರಲ್ಲಿ ಬಿಸಿಲೇರಿತ್ತು. ಮರಿತಾಯಮ್ಮ ನೀಲಿ ಸೀರೆಯುಟ್ಟು, ತಲೆ ಬಾಚಿ, ಬಾಗಿಲಲ್ಲೇ ನಿಂತಿದ್ದಳು. ಅಮೃತೇಶ ಕಾಫಿ ಕುಡಿದ, ಗೋಡೆ ನೋಡಿದ, ಅಂಬೇಡ್ಕರರ ಪಟ ನೋಡಿದ. ಹಸಿರು ಪ್ರತಿಫಲಿಸಿ ಅಮ್ಮನ ಮುಖ ರೋಗಿಷ್ಟರ ಮುಖದಂತೆ ಕಾಣುತ್ತದೆ ಎಂದ. ಅದೇನೂ ಸುಳ್ಳಲ್ಲ; ಕವನಳ ಕಣ್ಣಿಗೂ ಬಿದ್ದಿತ್ತು. ಆಮೇಲೆ ಅವನು ಹಿತ್ತಲಿಗೆ ಹೋದ. ಅಲ್ಲಿ ಆಡು ಕಟ್ಟುತ್ತಿದ್ದ ಮಣ್ಣಿನ ಕೊಟ್ಟಿಗೆಯಿತ್ತು. ಅವನ ಮುಖ ಅರಳಿತು.

"ಓಪನಿಂಗ್ ಇಲ್ಲೇ. ಅಮ್ಮಾ, ಒಂದು ಹಳೇ ಸೀರೆ ಉಟ್ಕೊಂಡು ಬರ್ತೀರಾ?"

ಕವನ ಬೇಡವೆನ್ನುವಷ್ಟರಲ್ಲಿ ಅವ್ವ ಒಳಗೆ ಹೋಗಿಯಾಗಿತ್ತು. ಕಳೆ ಕೀಳುವಾಗ ಉಡುವ ಸೀರೆಯಲ್ಲಿ ಹಿಂದಿರುಗಿದಳು. ಮಗಳ ಪರೀಕ್ಷೆಯಲ್ಲವೇ, ಏನು ಹೇಳಿದರೂ ಮಾಡುತ್ತಾಳೆ. ಆಡುಗಳನ್ನು ಹೊರಗಟ್ಟಿ ಕೊಟ್ಟಿಗೆಯೊಳಗೆ ಹೊಕ್ಕಳು.

ಕವನ ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಆ ಬಾಗಿಲಲ್ಲಿ ತಲೆ ತಗ್ಗಿಸಿದ ಅವ್ವ ಯಾರೋ ಬೇರೆಯವಳಂತೆ ಕಂಡಳು. ಅಮೃತೇಶ ರೋಲ್ ಎಂದ, ಮತ್ತೊಮ್ಮೆ ಎಂದ. ಅವಳು ಗುಂಡಿ ಒತ್ತಲಿಲ್ಲ.

"ನಾನು ತೆಗೆಯಲ್ಲ."

"ಹಸಿರು ಗೋಡೆ ಕಂಡ್ರೆ ಇವ್ರಿಗೆ ಕಷ್ಟ ಇದೆ ಅಂತ ಯಾರೂ ನಂಬಲ್ಲ ಕಣೇ."

"ಕಷ್ಟದ ಕಥೆ ಅಂತ ನಿಂಗೆ ಯಾರು ಹೇಳಿದ್ರು?"

ಅವನ ಮುಖ ಬಿಗಿಯಿತು. ಕ್ಯಾಮೆರಾ ಕೊಡು, ನಾನೇ ತೆಗೀತೀನಿ ಎಂದು ಕೈ ಚಾಚಿದ. ಕೊಡದೆ ಅವಳಿಗೆ ಬೇರೆ ದಾರಿಯಿರಲಿಲ್ಲ. ಕ್ಯಾಮೆರಾ ಅವನ ಕಡೆಯದು, ಅದಿಲ್ಲದೆ ಸಿನಿಮಾವಿಲ್ಲ, ಪರೀಕ್ಷೆಯೂ ಇಲ್ಲ. ಕೊಟ್ಟಳು. ಕೊಟ್ಟ ಮೇಲೆ ಕೈ ಎಲ್ಲಿಡುವುದೆಂದು ತಿಳಿಯದೆ ನಿಂತಳು.

ಮರಿತಾಯಮ್ಮ ಕೊಟ್ಟಿಗೆಯಿಂದ ಹೊರಗೆ ಬಂದು ಇಬ್ಬರನ್ನೂ ನೋಡಿದಳು.

"ನನ್ ಮಗ್ಳು ಕ್ಯಾಮ್ರಾ ಇಡ್ಕತಾಳೆ ಅಂತ ಒಪ್ಕಂಡೆ ಸಾ. ಅವ್ಳೇ ಒಲ್ಲೆ ಅಂದ್ರೆ ನಾನೂ ಒಲ್ಲೆ" ಎಂದಳು.

ಸೀರೆ ಬದಲಿಸಲು ಅವಳು ಒಳಗೆ ಹೋದಳು. ಅಮೃತೇಶ ಚೀಲ ಎತ್ತಿಕೊಂಡ. ಹೊರಟೇಬಿಡುತ್ತಾನೆ ಎಂದುಕೊಂಡಳು ಕವನ. ಅವನು ಹೊರಡಲೂ ಇಲ್ಲ, ಚೀಲ ಇಳಿಸಲೂ ಇಲ್ಲ. ಕಡೆಗೆ, ಆ ಹಸಿರಿಗೆ ಏನು ಮಾಡ್ತೀಯ ಹೇಳು ಎಂದು ನೆಲ ನೋಡುತ್ತ ಕೇಳಿದ.

ಅವಳು ಅಪ್ಪನ ಬಿಳಿ ಪಂಚೆ ತಂದಳು. ಅವ್ವನನ್ನು ಗೋಡೆಯಿಂದ ದೂರ, ಜಗಲಿಯ ಅಂಚಿಗೆ ನಿಲ್ಲಿಸಿ, ಪಂಚೆಯ ಮೇಲೆ ಬಿದ್ದ ಬಿಸಿಲು ಮುಖಕ್ಕೆ ತಿರುಗುವಂತೆ ಅದನ್ನು ಎತ್ತಿ ಹಿಡಿಯಲು ಅಮೃತೇಶನಿಗೆ ಹೇಳಿದಳು. ಅವನು ಕ್ಯಾಮೆರಾವನ್ನು ಅವಳಿಗೆ ಕೊಟ್ಟು ಪಂಚೆ ಹಿಡಿದ. ತೋಳು ನೋಯುತ್ತಿದ್ದರೂ ಇಳಿಸಲಿಲ್ಲ. ನೀಲಿ ಸೀರೆಯ ಮರಿತಾಯಮ್ಮ ಬೀಗ ಹಾಕಿ, ಅಂಗನವಾಡಿಯ ಚೀಲವನ್ನು ಹೆಗಲಿಗೇರಿಸಿ, ಬಿರಬಿರನೆ ಬೀದಿಗಿಳಿದಳು.

ತೆಗೆದದ್ದನ್ನು ಪುಟ್ಟ ಪರದೆಯಲ್ಲಿ ಇಬ್ಬರೂ ತಲೆ ಸೇರಿಸಿ ನೋಡಿದರು.

"ಫೋಕಸ್ ಹೋಗಿದೆ. ಇನ್ನೊಂದ್ ಟೇಕ್" ಎಂದ ಅಮೃತೇಶ.

ಹೌದು, ಹೋಗಿತ್ತು. ಕವನ ಅವ್ವನನ್ನು ವಾಪಸು ಕರೆದಳು.