ಭಾಲ್ಕಿಯ ರಾಜಾ ಬಹಾದ್ದೂರ

ಬೀದರಿನ ಸಭಾಂಗಣವೊಂದರಲ್ಲಿ ಜರಿ ರುಮಾಲು ತಲೆಗೇರಿದ ದಿನದಿಂದ ಶಿವರಾಜಪ್ಪನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಭಾಲ್ಕಿಯಲ್ಲಿ ಪೈಪು, ಮೋಟಾರು ಮಾರುವ ಅಂಗಡಿಕಾರ ಅವನು. ಬೀಗರ ಮದುವೆಯಲ್ಲಿ ಯಾರೋ ದೇಶಮುಖ ಮನೆತನದವರು ಬಂದರೆಂದು ಇವನನ್ನು ಮುಂದಿನ ಕುರ್ಚಿಯಿಂದ ಎಬ್ಬಿಸಿದ್ದರು. ಆ ಉರಿಯಲ್ಲೇ, ಹಳೆಯ ಸಂಸ್ಥಾನದ ವಾರಸುದಾರನೆಂದು ಹೇಳಿಕೊಂಡವನೊಬ್ಬನ ಕೈಗೆ ಕಾಣಿಕೆ ಹಾಕಿ 'ರಾಜಾ ಬಹಾದ್ದೂರ' ಪದವಿ ಕೊಂಡಿದ್ದ.

"ರಾಜಾ ಆಗೀರಿ ಖರೆ, ಊಟಕ್ಕ ಬರ್ರಿ," ಎಂದಿದ್ದಳು ಹೆಂಡತಿ ಶಾಂತಾಬಾಯಿ.

ಅಂಗಡಿಗೆ ಹೊಸ ಬೋರ್ಡು ಬಿತ್ತು. ಅದನ್ನು ನೋಡಿಯೇ ಸಾಯಗಾಂವದ ಶಾಲುಬಾಯಿ ಬಂದು ಮೆಟ್ಟಿಲ ಮೇಲೆ ಕೂತಳು. ಗಂಡ ಸತ್ತ ಮೇಲೆ ಮೈದುನ ಪಂಢರಿ ಅವಳ ಹೊಲದ ಹಾದಿಗೆ ಮುಳ್ಳು ಹಚ್ಚಿದ್ದ.

"ರಾಜಾಸಾಬ, ನಿಮ್ಮ ಮಾತು ಯಾರು ಮೀರ್ತಾರ್ರಿ? ಒಂದ್ ಸಲ ಬಂದು ಹೇಳ್ರಿ."

ಶಿವರಾಜಪ್ಪನಿಗೆ ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ರುಮಾಲು ಸುತ್ತಿಕೊಂಡು ಸಾಯಗಾಂವಕ್ಕೆ ಹೋಗಿ, "ಹೆಣ್ಮಗಳ ಹಾದಿ ಬಿಡಪ್ಪ, ಪಂಢರಿ," ಎಂದ. ಪಂಢರಿ ಅವನನ್ನೇ ದಿಟ್ಟಿಸಿ ನೋಡಿ, ತಾನೇ ಮುಳ್ಳು ಎಳೆದು ಹಾಕಿದ.

ಆಮೇಲೆ ಮೊಬೈಲಿನಲ್ಲಿ ಸುದ್ದಿ ಬಂತು. ವಾರಸುದಾರ ಔರಾದಿನಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದಿದ್ದ. ಅವನಿಗೆ ಸಂಸ್ಥಾನವೂ ಇಲ್ಲ, ವಂಶವೂ ಇಲ್ಲ. ಮೊದಲು ಮದುವೆ ಮಂಟಪಗಳಿಗೆ ಸಿಂಹಾಸನ ಬಾಡಿಗೆಗೆ ಕೊಡುತ್ತಿದ್ದನಂತೆ. ಶಿವರಾಜಪ್ಪ ಬೋರ್ಡು ಇಳಿಸಿದ. ಪಂಢರಿಗೆ ಗೊತ್ತಾದರೆ ಮತ್ತೆ ಮುಳ್ಳು ಹಚ್ಚುತ್ತಾನೆ. ಬೇರೆಯವರ ಬಾಯಿಂದ ತಿಳಿಯುವ ಮೊದಲು ತಾನೇ ಹೇಳಿ ಕೈಮುಗಿಯುವುದು ಮೇಲೆನಿಸಿತು. ಬೈಕ್ ತೆಗೆದ.

ಪಂಢರಿ ಎತ್ತಿಗೆ ಜೋಳದ ಕಣಿಕೆಯ ಮೇವು ಹಾಕುತ್ತಿದ್ದ.

"ನಾ ರಾಜಾ ಅಲ್ಲಪ್ಪ. ರೊಕ್ಕಾ ಕೊಟ್ಟು ತಂದ ಹೆಸರದು."

"ಗೊತ್ತದರಿ. ನಿಮ್ಮ ಅಂಗಡ್ಯಾಗೇ ಮೋಟಾರ ತಂದವ ನಾ. ನೀವು ಯಾರಂತ ನಂಗ ತಿಳೀಲಾರದೇನ್ರಿ?"

"ಮತ್ತ ಹಾದಿ ಯಾಕ ಬಿಟ್ಟಿ?"

ಪಂಢರಿ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಮುಳ್ಳು ಹಚ್ಚಿದ ಮರುದಿನಾನೇ ತಪ್ಪು ಅನಿಸಿತ್ರಿ. ಆದ್ರ ವೈನಿಗೆ, ಅಣ್ಣನ ಹೆಂಡ್ತಿಗೆ ಸೋತ ಅಂದ್ರ ಊರು ನಗ್ತಿತ್ತು. ರಾಜನ ಮಾತಿಗೆ ಬಿಟ್ಟ ಅಂದ್ರ ಯಾರು ನಗ್ತಾರ? ಈಗ ನೀವು ಖರೆ ಹೇಳ್ಕೋತ ತಿರುಗಿದ್ರ ನಾ ಮುಖ ಎಲ್ಲಿಡ್ಲಿ? ಔರಾದದ ಸುದ್ದಿ ನನ್ನ ಮೊಬೈಲಿಗೂ ಬಂದದ. ಯಾರಾದ್ರೂ ಕೇಳಿದ್ರ ಸಿಕ್ಕವ ಬ್ಯಾರೆ ಯಾರೋ ಅನ್ರಿ."

ಭಾರ ಇಳಿಸಲು ಬಂದ ಶಿವರಾಜಪ್ಪ ಮತ್ತಷ್ಟು ಹೊತ್ತುಕೊಂಡು ಹೊರಟ. ಎದುರಿಗೆ ಟ್ರ್ಯಾಕ್ಟರ್ ಬಂತು. ತೊಗರಿ ಚೀಲಗಳ ಮೇಲೆ ಶಾಲುಬಾಯಿ ಕೂತಿದ್ದಳು.

"ನಮಸ್ಕಾರ್ರಿ, ರಾಜಾಸಾಬ!" ಅಕ್ಕಪಕ್ಕದ ಹೊಲದವರೆಲ್ಲ ತಿರುಗಿ ನೋಡುವಂತೆ ಕೂಗಿದಳು.

ಶಿವರಾಜಪ್ಪ ಬೈಕನ್ನು ಬದುವಿಗೆ ಸರಿಸಿ, ಟ್ರಾಲಿ ಪೂರ್ತಿ ದಾಟುವವರೆಗೂ ಕೈಮುಗಿದು ನಿಂತೇ ಇದ್ದ.