ಬಾಯಿ ಬಿಡದ ಸಂಪಂಗಿ

ಸಂಪಂಗಿ ಒಂದು ಕತ್ತೆ. ತೆಲುಗು ಟೀವಿಯ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಹಾಡುವ ಕೈಗೊಂಬೆ. ಅದರ ತಲೆಯನ್ನು ಕೊಂಡಪಲ್ಲಿಯಲ್ಲಿ ಹಗುರ ಮರದಿಂದ ಕೆತ್ತಿಸಿದ್ದರು; ಬಾಯಿ ಮುಚ್ಚಿದರೆ ಟಕ್ ಎನ್ನುತ್ತಿತ್ತು. ಒಳಗಿನ ಕೈಯೂ ಕಂಠವೂ ಮಂಗಳಾಗೌರಿಯದು. ಹಾಸನದವಳು, ಗಂಡ ಪೃಥ್ವೀರಾಜ್ ನೌಕಾಪಡೆಯಲ್ಲಿದ್ದುದರಿಂದ ವಿಶಾಖಪಟ್ಟಣದಲ್ಲಿ ವಾಸ. ಶೂಟಿಂಗ್ ಇದ್ದಾಗ ಕತ್ತೆಯನ್ನು ಚೀಲದಲ್ಲಿಟ್ಟುಕೊಂಡು ವಿಜಯವಾಡದ ರೈಲು ಹತ್ತುತ್ತಿದ್ದಳು.

ಹೊಸದಾಗಿ ಬಂದ ನಿರ್ದೇಶಕ ದುರ್ಗಾಪ್ರಸಾದ್‌ಗೆ ಆ ಕಂಠ ಹಿಡಿಸಲಿಲ್ಲ.

“ಮಂಗಳಗಾರು, ತಪ್ಪು ತಿಳೀಬೇಡಿ. ನಿಮ್ಮ ದನಿ ಸ್ವಲ್ಪ ಒರಟು.”

“ಕತ್ತೆ ಅಲ್ವಾ ಸಾರ್?”

“ಕತ್ತೆಯಾದರೂ ಇಂಪಾಗಿರಬೇಕಮ್ಮಾ. ಹೈದರಾಬಾದಿನ ಗಾಯಕಿಯಿಂದ ಹಾಡಿಸಿ ತಂದಿದ್ದೀನಿ. ನೀವು ಬಾಯಿ ಆಡಿಸಿದರೆ ಸಾಕು.”

ಅವನು ತಂದ ಇನ್ನೊಂದು ನಿಯಮ ಮಾತ್ರ ಅವಳಿಗೆ ಒಪ್ಪಿಗೆಯಾಗಿತ್ತು. ಮಕ್ಕಳ ಕಣ್ಣೆದುರು ಗೊಂಬೆ ಎಂದೂ ನಿರ್ಜೀವವಾಗಿ ಕಾಣಬಾರದು. ಮಕ್ಕಳು ಹತ್ತಿರವಿದ್ದರೆ ಕೈ ಒಳಗೇ ಇರಬೇಕು. ಯಾರೇ ಆಗಲಿ, ಗೊಂಬೆಯಾಡಿಸುವವರ ಜೊತೆಗಲ್ಲ, ಪ್ರಾಣಿಯ ಜೊತೆಗೇ ಮಾತಾಡಬೇಕು.

ಮನೆಯಲ್ಲಿ ವಿಷಯ ಹೇಳಿದಾಗ ಪೃಥ್ವೀರಾಜ್, “ಇನ್ಮೇಲೆ ಮೂಕ ಕತ್ತೆ ಅನ್ನು. ಮನೇಲೂ ಹಂಗೇ ಇದ್ರೆ ಎಷ್ಟ್ ಚೆಂದ!” ಅಂದ.

“ಈ ಕತ್ತೆ ಒದೆಯೋದು ಮರ್ತಿಲ್ಲ ಕಣ್ರೀ.”

ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುವ ಮಗಳು ಧನ್ಯಾ ನಗಲಿಲ್ಲ. ಮಕ್ಕಳ ದಿನದ ವಿಶೇಷ ಕಾರ್ಯಕ್ರಮ ವಿಶಾಖಪಟ್ಟಣದ ಸಭಾಂಗಣದಿಂದಲೇ ನೇರ ಪ್ರಸಾರವಾಗಲಿತ್ತು. “ಅಮ್ಮಾ, ನಮ್ಮ ಕ್ಲಾಸೆಲ್ಲಾ ಬರ್ತಿದೆ. ನೀನೇ ಪಾಡ್ತೀಯ ಅಂತ ಎಲ್ಲರಿಗೂ ಚೆಪ್ಪಿದ್ದೀನಿ.”

“ಚೆಪ್ಪಿದ್ದೀಯಾ? ಹೇಳಾಗಿದೆ ಅಂದ್ಮೇಲೆ ಹಾಡ್ಲೇಬೇಕು.”

ವೇದಿಕೆಯ ಮೇಲೆ ಎದೆಯೆತ್ತರದ ಪರದೆ. ಅದರ ಹಿಂದೆ ಗಿಡ್ಡ ಸ್ಟೂಲಿನ ಮೇಲೆ ಕೂತು, ಕೈ ಮೇಲೆತ್ತಿ, ನೆಲದ ಮೇಲಿನ ಮಾನಿಟರ್ ನೋಡುತ್ತ ಗೊಂಬೆ ಆಡಿಸಬೇಕು. ಪಕ್ಕದಲ್ಲಿ ಭೀಮುನಿಪಟ್ಟಣದ ಶ್ರಾವಣಿ, ಅವಳ ಕೈಯಲ್ಲಿ ಮೇಕೆ. ಮೇಕೆ ಮಾತಾಡಬೇಕಿದ್ದರಿಂದ ಅವಳಿಗೆ ಮೈಕು ಇತ್ತು. ಕತ್ತೆಗೆ ಇರಲಿಲ್ಲ.

ಹಾಡು ಶುರುವಾಯಿತು. ಜೇನಿನಂಥ ದನಿ ಸಭಾಂಗಣ ತುಂಬಿತು. ಸಂಪಂಗಿ ಬಾಯಿ ಬಿಡಲಿಲ್ಲ.

ಮೊದಲ ಸಾಲು ಮುಗಿಯಿತು. ಸಂಪಂಗಿ ಬಲಕ್ಕೆ ನೋಡಿತು, ಎಡಕ್ಕೆ ನೋಡಿತು. ಮೇಕೆಯ ಬಾಯಿಗೆ ಕಿವಿಯಿಟ್ಟಿತು. ಮೇಕೆ, ನಾನಲ್ಲಪ್ಪ ಎಂಬಂತೆ ತಲೆಯಾಡಿಸಿತು. ಸಂಪಂಗಿ ಅದರ ಗಡ್ಡ ಎತ್ತಿ ಕೆಳಗೆ ಹುಡುಕಿತು. ಮಕ್ಕಳು ಬಿದ್ದು ಬಿದ್ದು ನಗತೊಡಗಿದರು.

“ಮಂಗಳಗಾರು! ಬಾಯಿ! ಬಾಯಿ ಆಡಿಸಿ!” ದುರ್ಗಾಪ್ರಸಾದ್ ಅವಳ ಹೆಡ್‌ಫೋನಿನಲ್ಲಿ ಕಿರುಚಿದ.

ಸಂಪಂಗಿ ಒಮ್ಮೆ ಆಕಳಿಸಿ, ಮತ್ತೆ ಬಿಗಿಯಾಗಿ ಬಾಯಿ ಮುಚ್ಚಿತು. ಟಕ್.

ನೇರ ಪ್ರಸಾರ, ಕತ್ತರಿಸುವಂತಿಲ್ಲ. “ಹಾಡು ನಿಲ್ಲಿಸ್ರೋ!” ಅಂದ ದುರ್ಗಾಪ್ರಸಾದ್. ಜೇನು ಅರ್ಧಕ್ಕೇ ನಿಂತಿತು. ಆ ಮೌನದಲ್ಲಿ ಶ್ರಾವಣಿ ತನ್ನ ಮೈಕು ಕಿತ್ತು ಪಕ್ಕಕ್ಕೆ ಚಾಚಿದಳು.

“ಕಾನಿವ್ವಕ್ಕಾ, ಶುರು ಮಾಡು.”

ಸಂಪಂಗಿ ಗಂಟಲು ಸರಿಮಾಡಿಕೊಂಡು ಅದೇ ಹಾಡನ್ನು ತನ್ನ ಒರಟು ದನಿಯಲ್ಲಿ ಎತ್ತಿಕೊಂಡಿತು. ಕೊನೆಯ ಸಾಲನ್ನು ಮಾಮೂಲಿನಂತೆ ಅರಚಾಟಕ್ಕೇ ತಂದು ನಿಲ್ಲಿಸಿದಾಗ ಧನ್ಯಾಳ ಕ್ಲಾಸಿನ ಮಕ್ಕಳೆಲ್ಲ ಒಟ್ಟಾಗಿ ಅರಚಿ ಉತ್ತರ ಕೊಟ್ಟರು.

ಕಾರ್ಯಕ್ರಮ ಮುಗಿದದ್ದೇ ತಡ, ದುರ್ಗಾಪ್ರಸಾದ್ ಕೆಂಪು ಮುಖ ಹೊತ್ತು ಪರದೆಯ ಹಿಂದೆ ನುಗ್ಗಿದ. ಅವನಿಗಿಂತ ಮೊದಲೇ ಮಕ್ಕಳು ನುಗ್ಗಿದ್ದರು. ಮಂಗಳಾಗೌರಿ ಕೈ ಹೊರತೆಗೆಯಲಿಲ್ಲ.

“ಮಂಗಳಗಾರು, ಇದೇನು ನೀವು—”

ಅವಳು ತಲೆ ತಗ್ಗಿಸಿದಳು. ಸಂಪಂಗಿ ಮಾತ್ರ ಅವನನ್ನೇ ನೋಡಿತು, ಮಕ್ಕಳೂ ನೋಡಿದರು. ತನ್ನ ನಿಯಮ ನೆನಪಾಗಿ ಅವನು ಕತ್ತೆಯತ್ತ ಬಾಗಿದ.

“ಸಂಪಂಗೀ… ಯಾಕಮ್ಮಾ ಹೀಗೆ ಮಾಡಿದೆ?”

“ನಾನು ಬಾಯೇ ಬಿಟ್ಟಿರಲಿಲ್ಲ ಸಾರ್, ಆದರೂ ಹಾಡು ಬಂತು. ಹೆದರಿಕೆ ಆಗಲ್ವಾ?”

“ಅಯ್ಯೋ ಪಾಪ!” ಅಂದರು ಮಕ್ಕಳು.

ಧನ್ಯಾ ಗಂಭೀರವಾಗಿ ಮುಂದೆ ಬಂದಳು. “ಅಂಕುಲ್, ಮುಂದಿನ ವಾರ ಯಾರು ಹಾಡ್ತಾರೆ?”

ದುರ್ಗಾಪ್ರಸಾದ್ ಸುತ್ತ ನೋಡಿದ. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

“ಸಂಪಂಗಿಯೇ.”

“ಮೈಕು?” ಕೇಳಿತು ಸಂಪಂಗಿ.

“ಕೊಡ್ತೀನಿ ತಾಯಿ.”

“ಹಾಗಾದ್ರೆ ಕೈ ಕೊಡಿ ಸಾರ್.”

ಅವನು ಕೈ ಚಾಚಿದ. ಸಂಪಂಗಿ ಅವನ ಬೆರಳನ್ನು ಅಕ್ಕರೆಯಿಂದ ಬಾಯೊಳಗಿಟ್ಟುಕೊಂಡಿತು.

ಟಕ್.

ಮಕ್ಕಳೆದುರು ಅವನು ನಗಲೇಬೇಕಾಯಿತು.