ಗಿಡ್ಡಪ್ಪನ ನಲವತ್ತಮೂರು ವೀಡಿಯೊ

ಹೆಸರು ಚಿದಂಬರನಾದರೂ ಅವನ ಹೊಟ್ಟೆಯಲ್ಲಿ ರಹಸ್ಯವೆಂಬುದು ಒಂದು ದಿನವೂ ನಿಂತದ್ದಿಲ್ಲ. ಈ ಒಂದನ್ನು ಮಾತ್ರ ನಾಲ್ಕು ದಿನದಿಂದ ಬಚ್ಚಿಟ್ಟುಕೊಂಡಿದ್ದ. ಐದನೆಯ ದಿನ ಗಿಡ್ಡಪ್ಪನೂ ಅವನ ಹೆಂಡತಿ ಲಕ್ಕಮ್ಮನೂ ಹಾರನಹಳ್ಳಿಯ ಟೆಂಪೊ ಇಳಿದು ಅರಸೀಕೆರೆಯ ಅವನ ಸ್ಟುಡಿಯೊ ಮೆಟ್ಟಿಲು ಹತ್ತಿದರು. ಗಿಡ್ಡಪ್ಪನ ಕೊರಳಿಗೆ ಬಿಳಿ ಬಟ್ಟೆ. ಗಂಟಲ ಕ್ಯಾನ್ಸರೆಂದು ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಿಗೆ ಕೊರಳಲ್ಲೇ ತೂತು ಮಾಡಿ ತಿಂಗಳಾಗಿತ್ತು.

ಗಿಡ್ಡಪ್ಪ ಸುತ್ತ ನಾಲ್ಕು ಹೋಬಳಿಗೆ ಹೆಸರಾದ ಮಿಮಿಕ್ರಿಯವನು. ಜಾವಗಲ್ ರಸ್ತೆಯ ದಿಬ್ಬ ಹತ್ತಲಾರದ ಬಸ್ಸು, ನಾಲ್ಕು ಭಾಷೆಯನ್ನು ಒಂದೇ ಉಸಿರಿಗೆ ಕಲಸುವ ಹಳೇಬೀಡಿನ ಗೈಡು, ಬಾಯಿ ಬಂದರೆ ಆ ಗೈಡಿಗೆ ಉಗಿಯಲು ಕಾದಿರುವ ಬೇಲೂರಿನ ಶಿಲಾಬಾಲಿಕೆ, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಮದುವೆ ವೀಡಿಯೊ ತೆಗೆಯುವ ಚಿದಂಬರ ಬಿಡುವಿನಲ್ಲಿ ಇವನ್ನೆಲ್ಲ ಚಿತ್ರೀಕರಿಸಿ, ೨೦೦೬ರಿಂದ ಎರಡು ವರ್ಷ, ಹೊಸದೊಂದು ವೀಡಿಯೊ ಜಾಲತಾಣಕ್ಕೆ ಏರಿಸಿದ್ದ. ಆಗ ತಾಣವೂ ಎಳೆಗೂಸು. ‘ನೀವೇ ನಮ್ಮ ಬಲ’ ಎಂದು ಅದು ಬರೆದಾಗ ಚಿದಂಬರ ಆ ಪತ್ರವನ್ನು ಗೋಡೆಗೆ ಅಂಟಿಸಿಕೊಂಡ. ಜಾಲದೊಳಗಿನ ಮೀನಿಗೆ ಜಾಲವೇ ತವರಾಯಿತು.

ಮದುವೆ ವೀಡಿಯೊದವರಿಗೆ ಎರಡು ಅಭ್ಯಾಸ. ಸಿನಿಮಾ ಹಾಡು ಸೇರಿಸದೆ ಕೊಟ್ಟರೆ ಗಿರಾಕಿ ‘ತಿಥಿ ಮನೆ ಇದ್ದಂಗೈತೆ’ ಎನ್ನುತ್ತಾನೆ, ಹಾಗಾಗಿ ಹಾಡು ಬೇಕೇ ಬೇಕು. ಕೆಲಸ ಒಪ್ಪಿಸಿದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಮದುವೆ. ಗಿಡ್ಡಪ್ಪನಿಗೂ ಚಿದಂಬರ ಎರಡನ್ನೂ ಮಾಡಿದ. ತಾಣದಲ್ಲಿ ಭದ್ರವಾಗಿದೆಯಲ್ಲ ಎಂದುಕೊಂಡು ಬಸ್ಸಿನ ಮೇಲೆ ಯಾರದೋ ಧಾರೆ, ಗೈಡಿನ ಮೇಲೆ ಯಾರದೋ ಬೀಗರೂಟ ತುಂಬಿದ.

ತಾಣ ಬೆಳೆಯಿತು, ಹಾಡಿನ ಕಂಪನಿಗಳ ಕಣ್ಣಿಗೆ ಬಿತ್ತು. ಮೂರು ಹಾಡಿಗೆ ಮೂರು ದೂರು. ಮೂರು ದೂರಾದರೆ ಖಾತೆಯೇ ಬಂದ್ ಎಂಬುದು ತಾಣದ ನಿಯಮ, ನಾಲ್ಕು ದಿನದ ಹಿಂದೆ ನಲವತ್ತಮೂರೂ ಮಾಯ. ಹಾಡು ಕಿತ್ತುಹಾಕಿ, ಮನುಷ್ಯನನ್ನು ಬಿಟ್ಟುಕೊಡಿ ಎಂದು ಚಿದಂಬರ ಸೈಬರ್ ಕೆಫೆಯಲ್ಲಿ ಕೂತು ಆರು ಸಲ ಬರೆದ. ಆರಕ್ಕೂ ಯಂತ್ರ ಕಳಿಸಿದ ಒಂದೇ ಉತ್ತರ, ಇದಕ್ಕೆ ಮರುತ್ತರ ಬರೆಯಬೇಡಿ ಎಂಬ ಅಡಿಬರಹದ ಸಮೇತ.

ಆಪರೇಷನ್‌ಗೆ ಗಂಡ ಒಲ್ಲೆನೆಂದು ಹಟ ಹಿಡಿದಾಗ ತಾನೇ ಒಪ್ಪಿಸಿದ್ದೆಂದು ಈಗ ಸ್ಟುಡಿಯೊದಲ್ಲಿ ಕೂತು ಲಕ್ಕಮ್ಮ ಹೇಳಿದಳು. ಹೇಗೂ ಧ್ವನಿ ಚಿದಂಬರಣ್ಣನ ಹತ್ತಿರ ಇದೆಯಲ್ಲ ಎಂದಿದ್ದಳಂತೆ.

“ಒಂದು ಸೀಡಿಗೆ ಹಾಕ್ಕೊಡಿ ಚಿದಂಬರಣ್ಣ. ಮನೇಲಿ ಸದ್ದೇ ಇಲ್ಲ. ಬಸ್ಸಿಂದೊಂದೇ ಸಾಕು.”

ಚಿದಂಬರ ಎಲ್ಲವನ್ನೂ ಹೇಳಿದ, ಕ್ಯಾಸೆಟ್ಟಿನ ಸಂಗತಿಯನ್ನೂ ಬಿಡದೆ. ಲಕ್ಕಮ್ಮ ಸೆರಗಿನ ಅಂಚು ಮಡಿಸಿದಳು.

“ಹಾಡು ಅವರದು, ತಗೊಳ್ಲಿ,” ಎಂದಳು. “ಇವರ ಗಂಟಲ್ಯಾಕೆ ತಗೊಂಡ್ರು?”

ಗಿಡ್ಡಪ್ಪ ಚಿದಂಬರನ ಕೊರಳಿನತ್ತ ಬೆರಳು ತೋರಿಸಿದ. ನೀನೇ ಮಾಡು ಎಂಬಂತೆ.

ವೀಡಿಯೊ ಜೋಡಿಸುವಾಗ ಒಂದೊಂದನ್ನೂ ಇಪ್ಪತ್ತು ಸಲ ಕೇಳಿದ್ದ ಚಿದಂಬರನಿಗೆ ಎಲ್ಲಿ ಉಸಿರು, ಎಲ್ಲಿ ಕೆಮ್ಮು ಎಂಬುದೂ ಬಾಯಿಪಾಠ. ಬಸ್ಸನ್ನು ಹೊರಡಿಸಿದ. ಗೇರು ಕಿರುಗುಟ್ಟಿತು, ದಿಬ್ಬದಲ್ಲಿ ಎಂಜಿನ್ ನರಳಿತು, ಕಂಡಕ್ಟರು ಎಲ್ಲರನ್ನೂ ಇಳಿಸಿ ತಳ್ಳಿಸಿದ. ಚೆನ್ನಾಗಿಯೇ ಬಂತು.

ಲಕ್ಕಮ್ಮ ಪೂರ್ತಿ ಕೇಳಿ ತಲೆಯಲ್ಲಾಡಿಸಿದಳು. “ಬಸ್ಸಿನಂಗೇ ಐತೆ. ಇವರಂಗಿಲ್ಲ.”

ಎಲ್ಲಿ ತಪ್ಪಿತೆಂದು ತೋರಿಸಲು ಗಿಡ್ಡಪ್ಪ ಮುಂದೆ ಬಾಗಿ ಬಾಯಿ ತೆರೆದ. ಕೊರಳ ಬಟ್ಟೆ ಉಬ್ಬಿತು, ಇಳಿಯಿತು. ಮತ್ತೆ ಉಬ್ಬಿತು. ಲಕ್ಕಮ್ಮ ಅವನ ರಟ್ಟೆ ಹಿಡಿದು, ಟೆಂಪೊ ಹೋಗಿಬಿಡುತ್ತದೆ ಎಂದು ಎಬ್ಬಿಸಿದಳು.